‘20 ಜಿಬಿಪಿಎಸ್ ಫೈರ್‌ವಾಲ್’ ಅಂದರೆ ನಂಬಿ ಪಿಒ (ಖರೀದಿ ಆದೇಶ) ಕೊಡಬೇಡಿ

ಹೊಸ ಫೈರ್‌ವಾಲ್ (ನೆಟ್‌ವರ್ಕ್‌ಗೆ ಬಂದು ಹೋಗುವ ಟ್ರಾಫಿಕ್ ತಪಾಸಣೆ ಮಾಡುವ ಬಾಕ್ಸ್) ತೆಗೆದುಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಸಹಿ ಹಾಕುವ ಮೊದಲೇ ಓದಿ. ನಾನು ಕೇಳಬೇಕಾದ್ದನ್ನು ಕೇಳದೆ ಸಹಿ ಹಾಕಿಸಿದೆ. ಈಗ ಮೂರು ವರ್ಷದ ಲೈಸೆನ್ಸ್ ತಲೆ ಮೇಲೆ ಕೂತಿದೆ.

ನಮ್ಮದು ಮಧ್ಯಮ ಗಾತ್ರದ ಡೇಟಾ ಸೆಂಟರ್. ನೆಟ್‌ವರ್ಕ್ ನನ್ನ ಜವಾಬ್ದಾರಿ. ಹಳೆಯ ಫೈರ್‌ವಾಲ್ ಜೋಡಿಯ ಸಪೋರ್ಟ್ ಮುಗಿಯುತ್ತಿತ್ತು. ಪೀಕ್ ಹೊತ್ತಿನಲ್ಲಿ ನಮ್ಮ ಟ್ರಾಫಿಕ್ 4 ಜಿಬಿಪಿಎಸ್ (ಸೆಕೆಂಡಿಗೆ 4 ಗಿಗಾಬಿಟ್) ಆಸುಪಾಸು. ಐಪಿಎಸ್ (ದಾಳಿ ಗುರುತಿಸಿ ತಡೆಯುವ ವ್ಯವಸ್ಥೆ) ಬೇಕು, ಮಾಲ್‌ವೇರ್ ಸ್ಕ್ಯಾನ್ ಬೇಕು, ಟಿಎಲ್‌ಎಸ್ (ವೆಬ್ ಟ್ರಾಫಿಕ್‌ನ ಎನ್‌ಕ್ರಿಪ್ಷನ್) ಬಿಚ್ಚಿ ಒಳಗೆ ಏನು ಹೋಗುತ್ತಿದೆ ಎಂದು ನೋಡಬೇಕು ಎಂದು ಬರೆದಿದ್ದೆ. ಮಾರುವ ಕಂಪನಿಗೆ ಕಳಿಸಿದ ಮೊದಲ ಮೇಲ್‌ನಲ್ಲೇ ಬರೆದಿದ್ದೆ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಆಮೇಲೆ ಅವರು “ನೀವು ಹೇಳಿರಲಿಲ್ಲ” ಅಂದರು.

ಮೀಟಿಂಗ್‌ಗೆ ಸೇಲ್ಸ್‌ನವರು, ಪ್ರೀ-ಸೇಲ್ಸ್ ಇಂಜಿನಿಯರ್ ಇಬ್ಬರೂ ಬಂದರು. ಮೊದಲ ಸ್ಲೈಡ್‌ನಲ್ಲೇ ದೊಡ್ಡ ಅಕ್ಷರದಲ್ಲಿ 20 ಜಿಬಿಪಿಎಸ್. “ನಿಮಗೆ ಬೇಕಾಗಿರೋದರ ಐದು ಪಟ್ಟು ಮೇಡಂ. ಐದು ವರ್ಷ ಈ ಕಡೆ ತಿರುಗಿ ನೋಡಬೇಕಾಗಿಲ್ಲ.”

ನಮ್ಮ ತಂಡದಲ್ಲಿ ಒಬ್ಬ ಹೊಸ ಹುಡುಗ ಇದ್ದಾನೆ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಅವನು ಕೇಳಿದ: “ಸರ್, ಈ 20 ಅನ್ನೋದು ಡಿಕ್ರಿಪ್ಷನ್ (ಟಿಎಲ್‌ಎಸ್ ಬಿಚ್ಚೋದು) ಆನ್ ಇದ್ದಾಗಲಾ?” ಪ್ರೀ-ಸೇಲ್ಸ್‌ನವರು ನಕ್ಕರು. “ಅದೆಲ್ಲ ಹಾರ್ಡ್‌ವೇರ್‌ನಲ್ಲೇ ಆಗುತ್ತೆ, ಅದಕ್ಕೇ ಅಂತ ಬೇರೆ ಚಿಪ್ ಇದೆ” ಅಂದರು. ಕೇಳಿದ್ದಕ್ಕೆ ಇದು ಉತ್ತರವೇ ಅಲ್ಲ, ಅಲ್ವಾ? ನನಗೆ ಆಗ ಹೊಳೆಯಲಿಲ್ಲ. ಅಷ್ಟು ಸಾಲದು ಎಂಬಂತೆ ನಾನೇ ಆ ಹುಡುಗನಿಗೆ “ಆಯ್ತು ಬಿಡು, ಅವರಿಗೆ ಗೊತ್ತಿರುತ್ತೆ” ಎಂದೆ. ಇವತ್ತಿಗೂ ಅವನ ಮುಖ ನೋಡಿದರೆ ಅದೇ ಮಾತು ನೆನಪಾಗುತ್ತದೆ.

ಡೆಮೊ ಕೂಡ ಮಾಡಿದರು. ಅವರದೇ ಟ್ರಾಫಿಕ್ ಜನರೇಟರ್, ಅವರದೇ ಕಾನ್ಫಿಗರೇಶನ್. ಗ್ರಾಫ್ 19ರ ಮೇಲೆ ಹೋಯಿತು, ಸಿಪಿಯು 10 ಪರ್ಸೆಂಟ್ ಕೂಡ ದಾಟಲಿಲ್ಲ. ನಾನು ಪಕ್ಕದಲ್ಲೇ ಕೂತು ನೋಡಿದೆ, ಸ್ಕ್ರೀನ್‌ಶಾಟ್ ತೆಗೆದು ಮ್ಯಾನೇಜ್‌ಮೆಂಟ್‌ಗೆ ಕಳಿಸಿದೆ. ಆ ಟ್ರಾಫಿಕ್ ಎಲ್ಲಾ ಯುಡಿಪಿ (ಕನೆಕ್ಷನ್ ಕಟ್ಟಿಕೊಳ್ಳದೆ ಡೇಟಾ ಕಳಿಸುವ ಸರಳ ವಿಧಾನ), ಎಲ್ಲಾ 1518 ಬೈಟ್‌ನ ದೊಡ್ಡ ಪ್ಯಾಕೆಟ್ (ಡೇಟಾದ ತುಂಡು), ಯಾವ ತಪಾಸಣೆಯೂ ಆನ್ ಇರಲಿಲ್ಲ ಎಂದು ಗೊತ್ತಾಗಿದ್ದು ತುಂಬಾ ದಿನ ಆದಮೇಲೆ.

ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ್ದು ಶನಿವಾರ ರಾತ್ರಿ. ಭಾನುವಾರ ಎಲ್ಲಾ ಚೆನ್ನಾಗಿತ್ತು. ಸೋಮವಾರ ಬೆಳಿಗ್ಗೆ ಜನ ಲಾಗಿನ್ ಆಗಲು ಶುರು ಮಾಡಿದ ಇಪ್ಪತ್ತೇ ನಿಮಿಷಕ್ಕೆ ಫೋನ್ ಮೇಲೆ ಫೋನ್. ಪೇಜ್ ತೆರೆಯುತ್ತಿಲ್ಲ, ಅಪ್ಲಿಕೇಶನ್ ಟೈಮ್‌ಔಟ್, ವಿಡಿಯೋ ಕಾಲ್ ತುಂಡು ತುಂಡು. ಡ್ಯಾಶ್‌ಬೋರ್ಡ್ ನೋಡಿದರೆ ಸಿಪಿಯು 98. ಟ್ರಾಫಿಕ್ ಎಷ್ಟು? 1.6 ಜಿಬಿಪಿಎಸ್. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. 20 ಅಂತ ಹೇಳಿ ಕೊಟ್ಟ ಬಾಕ್ಸ್ 1.6ಕ್ಕೆ ಉಸಿರು ಕಟ್ಟಿ ಕೂತಿತ್ತು.

ಸಪೋರ್ಟ್‌ಗೆ ಟಿಕೆಟ್ ಹಾಕಿದೆ. ಎರಡು ಗಂಟೆ ಆದಮೇಲೆ ಬಂದ ಉತ್ತರ: “ಟಿಎಲ್‌ಎಸ್ ಇನ್‌ಸ್ಪೆಕ್ಷನ್ ಆಫ್ ಮಾಡಿ ನೋಡಿ ಮೇಡಂ.”

ಆಫ್ ಮಾಡಿದೆ. ಎಲ್ಲಾ ಸರಿಹೋಯಿತು. ಹೊಟ್ಟೆ ಉರಿದುಹೋಯಿತು. ಈಗ ವೆಬ್ ಟ್ರಾಫಿಕ್ ಹೆಚ್ಚುಕಡಿಮೆ ಪೂರ್ತಿ ಎನ್‌ಕ್ರಿಪ್ಟ್ ಆಗಿಯೇ ಓಡುವುದು. ಅದನ್ನು ಬಿಚ್ಚದಿದ್ದರೆ ಐಪಿಎಸ್ ಆಗಲಿ ಮಾಲ್‌ವೇರ್ ಸ್ಕ್ಯಾನ್ ಆಗಲಿ ಏನನ್ನು ನೋಡುತ್ತದೆ? ಮುಚ್ಚಿದ ಲಕೋಟೆಯ ಮೇಲಿನ ವಿಳಾಸ ಓದಿದಷ್ಟೇ. ಭದ್ರತೆಗೆ ಅಂತ ತಂದ ಬಾಕ್ಸ್ ನಡೆಯಬೇಕಾದರೆ ಭದ್ರತೆಯನ್ನೇ ಆಫ್ ಮಾಡಬೇಕಂತೆ!

ಸೇಲ್ಸ್‌ನವರಿಗೆ ಫೋನ್ ಮಾಡಿದೆ. “ಡೇಟಾಶೀಟ್‌ನಲ್ಲೇ ಇದೆಯಲ್ಲ ಮೇಡಂ.” ತೆಗೆದು ನೋಡಿದೆ. ಇದೆ. ಎರಡನೇ ಪುಟದಲ್ಲಿ, ಟೇಬಲ್‌ನ ಕೆಳಗಡೆ: ಎಲ್ಲಾ ತಪಾಸಣೆ ಆನ್ ಇದ್ದರೆ 2.2 ಜಿಬಿಪಿಎಸ್, ಟಿಎಲ್‌ಎಸ್ ತಪಾಸಣೆಗೆ 1.8. ಇನ್ನೂ ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ, 20 ಎಂಬುದು 1518 ಬೈಟ್ ಯುಡಿಪಿಯಲ್ಲಿ ಅಳೆದದ್ದು, “ವಾಸ್ತವದಲ್ಲಿ ಬದಲಾಗಬಹುದು”. ಅವರು ನಮಗೆ ಕೊಟ್ಟ ಪ್ರಪೋಸಲ್‌ನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. 20 ಮಾತ್ರ ಇದೆ. ಆದರೂ ಓದಬೇಕಾದವಳು ನಾನು, ಓದಲಿಲ್ಲ.

ಹೀಗೇಕೆ ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸುಮ್ನೆ ಪ್ಯಾಕೆಟ್ ದಾಟಿಸುವುದು ಈ ಬಾಕ್ಸ್‌ಗಳಿಗೆ ಸುಲಭ. ಸೆಷನ್‌ನ ಶುರುವಿನಲ್ಲಿ ಒಂದೆರಡು ಪ್ಯಾಕೆಟ್ ನೋಡಿ ರೂಲ್‌ಗೆ ಹೊಂದುತ್ತದೆ ಎಂದಾದರೆ ಉಳಿದದ್ದನ್ನು ಚಿಪ್‌ಗೆ ಬಿಟ್ಟುಬಿಡುತ್ತವೆ. ಪ್ಯಾಕೆಟ್ ದೊಡ್ಡದಿದ್ದಷ್ಟೂ ಲೆಕ್ಕ ಚೆನ್ನಾಗಿ ಕಾಣುತ್ತದೆ. 10 ಜಿಬಿಪಿಎಸ್ ಲಿಂಕನ್ನು 1518 ಬೈಟ್ ಪ್ಯಾಕೆಟ್‌ಗಳಿಂದ ತುಂಬಿಸಲು ಸೆಕೆಂಡಿಗೆ ಸುಮಾರು 8 ಲಕ್ಷ ಪ್ಯಾಕೆಟ್ ಸಾಕು. ಅದೇ 64 ಬೈಟ್ ಆದರೆ 1 ಕೋಟಿ 48 ಲಕ್ಷ ಬೇಕು. ನೆಟ್‌ವರ್ಕ್ ಸಾಧನ ಅಳೆಯುವ ವಿಧಾನ ಹೇಳುವ 1999ರ ದಾಖಲೆ ಆರ್‌ಎಫ್‌ಸಿ 2544 ಕೂಡ 64ರಿಂದ 1518ರವರೆಗೆ ಬೇರೆ ಬೇರೆ ಗಾತ್ರದಲ್ಲಿ ಅಳೆಯಿರಿ ಎಂದೇ ಹೇಳುತ್ತದೆ. ಇವರು ತಮಗೆ ಬೇಕಾದ ಒಂದನ್ನು ಆರಿಸಿಕೊಂಡರು.

ಟಿಎಲ್‌ಎಸ್ ಬಿಚ್ಚುವುದು ಬೇರೆಯದೇ ಕೆಲಸ. ಫೈರ್‌ವಾಲ್ ಮಧ್ಯೆ ಕೂತು ಬ್ರೌಸರ್ ಜೊತೆ ಒಂದು ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಿನಲ್ಲಿ ಕೀಲಿ ಒಪ್ಪಿಕೊಳ್ಳುವುದು), ಸರ್ವರ್ ಜೊತೆ ಇನ್ನೊಂದು ಹ್ಯಾಂಡ್‌ಶೇಕ್ ಮಾಡಬೇಕು. ಆ ಸೈಟ್ ಹೆಸರಿಗೆ ಅಲ್ಲೇ ಒಂದು ಸರ್ಟಿಫಿಕೇಟ್ (ಸೈಟ್‌ನ ಗುರುತಿನ ಪತ್ರ) ಮಾಡಿಕೊಡಬೇಕು. ಬಿಚ್ಚಬೇಕು, ನೋಡಬೇಕು, ಮತ್ತೆ ಮುಚ್ಚಬೇಕು. ಜಾಸ್ತಿ ಭಾರ ಬೀಳುವುದು ಹ್ಯಾಂಡ್‌ಶೇಕ್ ಹೊತ್ತಿನಲ್ಲಿ. ಅದಕ್ಕೇ ಭಾನುವಾರ ಏನೂ ಆಗಲಿಲ್ಲ, ಸೋಮವಾರ ಎಲ್ಲರೂ ಒಟ್ಟಿಗೆ ಬಂದಾಗ ಕುಸಿಯಿತು. ಸೆಕೆಂಡಿಗೆ ಎಷ್ಟು ಹೊಸ ಟಿಎಲ್‌ಎಸ್ ಕನೆಕ್ಷನ್ ನಿಭಾಯಿಸುತ್ತದೆ ಎಂಬ ಅಂಕಿ ಜಿಬಿಪಿಎಸ್‌ಗಿಂತ ಮುಖ್ಯ. ಅದನ್ನು ಯಾರೂ ಸ್ಲೈಡ್‌ನಲ್ಲಿ ಹಾಕುವುದಿಲ್ಲ.

ಆಮೇಲೆ ಬಂದ ಉತ್ತರಗಳನ್ನೂ ಕೇಳಿ. “ಕ್ವಿಕ್ (QUIC, ಬ್ರೌಸರ್‌ಗಳು ಬಳಸುವ ಹೊಸ ಸಂಪರ್ಕ ವಿಧಾನ) ಬ್ಲಾಕ್ ಮಾಡಿದ್ದೀರಲ್ಲ, ಬಿಟ್ಟುಬಿಡಿ, ಲೋಡ್ ಇಳಿಯುತ್ತೆ.” ಇಳಿಯುತ್ತದೆ, ಯಾಕೆ ಇಳಿಯಲ್ಲ! ಕ್ವಿಕ್ ಓಡುವುದು ಯುಡಿಪಿ ಪೋರ್ಟ್ 443ರಲ್ಲಿ, ಈ ಬಾಕ್ಸ್ ಅದನ್ನು ಬಿಚ್ಚುವುದೇ ಇಲ್ಲ. ಬ್ಲಾಕ್ ಮಾಡಿದರೆ ಬ್ರೌಸರ್ ತಾನಾಗಿ ಟಿಸಿಪಿ ಎಂಬ ಹಳೆಯ ವಿಧಾನಕ್ಕೆ ಬರುತ್ತದೆ, ಆಗ ತಪಾಸಣೆ ಮಾಡಬಹುದು. ನಾವು ಬ್ಲಾಕ್ ಮಾಡಿದ್ದೇ ಅದಕ್ಕೆ. ಬಿಟ್ಟುಬಿಡಿ ಅಂದರೆ ನೋಡದೆ ಬಿಡಿ ಎಂದೇ ಅರ್ಥ.

ಇನ್ನೊಂದು ಉತ್ತರ: “ಎರಡು ಬಾಕ್ಸ್ ಇದೆಯಲ್ಲ ಮೇಡಂ, ಆಕ್ಟಿವ್-ಆಕ್ಟಿವ್ ಮಾಡಿ (ಎರಡನ್ನೂ ಒಟ್ಟಿಗೆ ಓಡಿಸಿ), ಡಬಲ್ ಆಗುತ್ತೆ.” ನಾನು ಬೋರ್ಡ್ ಮೇಲೆ ಬರೆದು ತೋರಿಸಿದೆ. ಎರಡೂ ತಲಾ 70 ಪರ್ಸೆಂಟ್ ಹೊತ್ತಿವೆ ಅಂತಿಟ್ಟುಕೊಳ್ಳಿ. ಒಂದು ಕೆಟ್ಟರೆ ಉಳಿದದ್ದು 140 ಪರ್ಸೆಂಟ್ ಹೊರಬೇಕು. ಹೊರುವುದಿಲ್ಲ, ಅದೂ ಬೀಳುತ್ತದೆ. ಎರಡನೆಯ ಬಾಕ್ಸ್ ಇಟ್ಟಿರುವುದು ಮೊದಲನೆಯದು ಹೋದರೆ ಅಂತ, ಸಾಮರ್ಥ್ಯ ಸಾಲದಿದ್ದರೆ ಅಂತ ಅಲ್ಲ. ಇದು ಡೇಟಾ ಸೆಂಟರ್ ಡಿಸೈನ್‌ನ ಮೊದಲ ಪಾಠ. ಅವರ ಪ್ರೀ-ಸೇಲ್ಸ್ ಇಂಜಿನಿಯರ್‌ಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೇ ಹೇಳಿದರು, ನನಗೆ ಅದೇ ಸಿಟ್ಟು.

ಕೊನೆಗೆ “ನಿಮ್ಮ ರಿಕ್ವೈರ್‌ಮೆಂಟ್‌ನಲ್ಲಿ ಟಿಎಲ್‌ಎಸ್ ಇರಲಿಲ್ಲ” ಅಂದರು. ನನ್ನ ಮೊದಲ ಮೇಲ್ ಫಾರ್ವರ್ಡ್ ಮಾಡಿದೆ. ಮೂರು ದಿನ ಉತ್ತರ ಇಲ್ಲ.

ಮ್ಯಾನೇಜ್‌ಮೆಂಟ್ ಮುಂದೆ ನಿಂತು ಇದನ್ನೆಲ್ಲ ಹೇಳುವಾಗ ನಾನೇ ಕಳಿಸಿದ್ದ ಸ್ಕ್ರೀನ್‌ಶಾಟನ್ನು ಪರದೆ ಮೇಲೆ ಹಾಕಿದ್ದರು. ಅದರಲ್ಲಿ 19ರ ಗ್ರಾಫ್. “ಇದು ನೀವೇ ಕಳಿಸಿದ್ದಲ್ಲವೇ?” ಎಂದು ಕೇಳಿದರು. ಹೌದು ಎಂದೆ. ಬೇರೆ ಏನು ಹೇಳಲಿ?

ನೀವು ಇಷ್ಟು ಮಾಡಿ. ನಿಮಗೆ ಬೇಕಾದ ತಪಾಸಣೆಗಳೆಲ್ಲ ಆನ್ ಇದ್ದಾಗ ಎಷ್ಟು ಎಂಬ ಅಂಕಿಯನ್ನು ಪಿಒದಲ್ಲೇ ಬರೆಸಿ, ಅಷ್ಟು ಬರದಿದ್ದರೆ ವಾಪಸ್ ಎಂದೂ ಬರೆಸಿ. ಬಾಯಿಮಾತು ನಂಬಬೇಡಿ. ಟೆಸ್ಟ್ ನಿಮ್ಮ ರ‍್ಯಾಕ್‌ನಲ್ಲಿ, ನಿಮ್ಮ ಟ್ರಾಫಿಕ್‌ನಲ್ಲಿ, ನಿಮ್ಮ ರೂಲ್‌ಗಳ ಜೊತೆ ಆಗಲಿ, ಕೆಲಸದ ದಿನದ ಬೆಳಿಗ್ಗೆಯೇ ಆಗಲಿ. ಯಾವ ವಿಧಾನದಲ್ಲಿ ಅಳೆಯಬೇಕು ಎಂದು ಅವರು ಕೇಳಿದರೆ 2023ರ ಆರ್‌ಎಫ್‌ಸಿ 9411 ತೋರಿಸಿ. ಇಂಥ ಭದ್ರತಾ ಬಾಕ್ಸ್‌ಗಳನ್ನು ಅಳೆಯಲೆಂದೇ ಬಂದದ್ದು ಅದು. ಲೋಡ್ ಮಿತಿ ಮೀರಿದಾಗ ಬಾಕ್ಸ್ ಏನು ಮಾಡುತ್ತದೆ ಎಂದೂ ಕೇಳಿ. ಕೆಲವು ಹೊಸ ಕನೆಕ್ಷನ್ ನಿಲ್ಲಿಸುತ್ತವೆ, ಕೆಲವು ತಪಾಸಣೆ ಮಾಡದೆ ಬಿಟ್ಟುಬಿಡುತ್ತವೆ. ಎರಡನೆಯದು ಆದರೆ ನಿಮಗೆ ಗೊತ್ತೇ ಆಗುವುದಿಲ್ಲ. ಮತ್ತೆ, ತಂಡದಲ್ಲಿ ಚಿಕ್ಕವರು ಪ್ರಶ್ನೆ ಕೇಳಿದರೆ ಸುಮ್ಮನಿರಿಸಬೇಡಿ.

ಸದ್ಯಕ್ಕೆ ನಮ್ಮಲ್ಲಿ ಎರಡೇ ವಿಭಾಗಗಳಿಗೆ ಟಿಎಲ್‌ಎಸ್ ತಪಾಸಣೆ ಆನ್ ಇಟ್ಟಿದ್ದೇವೆ. ಉಳಿದದ್ದೆಲ್ಲ ನೋಡದೆ ಹೋಗುತ್ತಿದೆ. ನಿನ್ನೆ ಅವರಿಂದ ಮೇಲ್ ಬಂತು. ನನ್ನ ದೂರಿಗೆ ಉತ್ತರ ಇರಬಹುದು ಎಂದು ತೆರೆದೆ. ಇದಕ್ಕಿಂತ ದೊಡ್ಡ ಮಾಡೆಲ್‌ನ ಕೊಟೇಶನ್ ಅದು. ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ 60 ಜಿಬಿಪಿಎಸ್ ಎಂದು ಬರೆದಿದೆ. ಯಾವುದೆಲ್ಲ ಆನ್ ಇದ್ದಾಗ ಎಂದು ಕೇಳಿ ವಾಪಸ್ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.