ಟೈಮ್‌ಔಟ್ ಕ್ಲೈಂಟ್‌ಗೋ, ಕಾಂಟೆಕ್ಸ್ಟ್‌ಗೋ?

ಪುಣೆಯ ಹಿಂಜವಡಿಗೆ ಕೆಲಸಕ್ಕೆ ಬರುವ ನಮ್ಮ ಹುಬ್ಬಳ್ಳಿ, ಬೆಳಗಾವಿ ಹುಡುಗರು ಗೋ (Go) ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಕೇಳೋದು ಇದನ್ನೇ: ಸರ್ವರ್‌ಗೆ ಹೋಗುವ HTTP ಕರೆಗೆ ಟೈಮ್‌ಔಟ್, ಅಂದರೆ ಕಾಯುವ ಗಡುವನ್ನು, ಕರೆ ಕಳಿಸುವ ಕ್ಲೈಂಟ್‌ಗೆ ಹಾಕಬೇಕೋ, ಒಂದೊಂದು ಕರೆಯ ಜೊತೆ ಕೊಡುವ ಕಾಂಟೆಕ್ಸ್ಟ್‌ಗೆ ಹಾಕಬೇಕೋ? ಏನೂ ಹೇಳದಿದ್ದರೆ ಕ್ಲೈಂಟ್‌ನ ಟೈಮ್‌ಔಟ್ ಸೊನ್ನೆ, ಅಂದರೆ ಗಡುವೇ ಇಲ್ಲ. ಸರ್ವರ್ ಸುಮ್ಮನಿದ್ದರೆ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ಕ್ಲೈಂಟ್‌ಗೇ 10 ಸೆಕೆಂಡ್ ಕೊಟ್ಟರೆ ಕನೆಕ್ಷನ್, ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ತಿರುಗುವುದು), ಬಾಡಿ (ಸರ್ವರ್ ಕಳಿಸಿದ ಉತ್ತರದ ಒಳಗಿನ ಮಾಹಿತಿ) ಓದುವುದು ಎಲ್ಲ ಅಷ್ಟರೊಳಗೇ ಮುಗಿಯಬೇಕು. ಸಣ್ಣ ಕರೆಗಳಿಗೆ ಸಾಕು, ದೊಡ್ಡ ಫೈಲ್ ಇಳಿಸುವಾಗ ಅರ್ಧಕ್ಕೇ ನಿಲ್ಲುತ್ತದೆ.

ಒಂದೊಂದು ಕರೆಗೆ ಒಂದೊಂದು ಗಡುವು ಬೇಕಿದ್ದರೆ ಕಾಂಟೆಕ್ಸ್ಟ್ ಮೇಲು; ನನ್ನ ಒಲವೂ ಅದಕ್ಕೇ. ಆದರೆ ಬಾಡಿ ಓದುವ ಮೊದಲೇ ಕಾಂಟೆಕ್ಸ್ಟ್ ಕ್ಯಾನ್ಸಲ್ ಮಾಡಿದರೆ ಓದು ಕೈಕೊಡುತ್ತದೆ, ಒಂದು ಸಂಜೆಯಿಡೀ ನಾನು ಅದನ್ನೇ ಹುಡುಕಿದ್ದೇನೆ.

ಯಾವುದನ್ನೇ ಆರಿಸಿ, ಎರರ್ ಇಲ್ಲ ಅಂತ ನೋಡಿದ ಮರುಸಾಲಿನಲ್ಲೇ ಡಿಫರ್ (ಫಂಕ್ಷನ್ ಮುಗಿಯುವಾಗ ಮಾಡು ಅಂತ ಹೇಳುವ ಪದ) ಹಾಕಿ ಬಾಡಿ ಕ್ಲೋಸ್ ಮಾಡಿ. ಪೂರ್ತಿ ಓದದೆ ಮುಚ್ಚಿದರೆ ಆ ಕನೆಕ್ಷನ್ ಮತ್ತೆ ಬಳಕೆಗೆ ಸಿಗದೇ ಹೋಗಬಹುದು.