ಡ್ರಿಪ್ಪಾ, ಮೊಬೈಲ್ ಸ್ಟಾರ್ಟರಾ? ಮೊದ್ಲು ಯಾವ್ದು ಹಾಕ್ಸೋದು

ನಮ್ ಮಂಡ್ಯ ಕಡೆ ಬೋರ್ ಇಟ್ಕೊಂಡು ಕಬ್ಬು ಬೆಳೆಯೋರಿಗೆ ಇದೇ ಕನ್ಫ್ಯೂಷನ್ನು: ಡ್ರಿಪ್ಪು (ಹನಿ ನೀರಾವರಿ) ಮೊದ್ಲಾ, ಫೋನಿಂದ್ಲೇ ಮೋಟ್ರು ಆನ್ ಆಫ್ ಮಾಡೋ ಸ್ಟಾರ್ಟರ್ ಮೊದ್ಲಾ ಅಂತ. ಹೊಸ ಬೋರ್ ಕೊರೆಸೋಕ್ಕಿಂತ ಇರೋ ನೀರ್ನೇ ಸರಿಯಾಗಿ ಬಳಸೋದು ವಾಸಿ ಬಿಡಿ.

ಮೊಬೈಲ್ ಸ್ಟಾರ್ಟರ್‌ಗೆ ಖರ್ಚು ಕಮ್ಮಿ, ಸಿಮ್ ಹಾಕಿದ್ರೆ ಮುಗೀತು, ರಾತ್ರಿ ತ್ರೀ ಫೇಸ್ ಬಂದಾಗ ಹಾವು ಚೇಳು ಅಂತ ಹೆದರ್ಕೊಂಡು ಟಾರ್ಚ್ ಹಿಡ್ಕೊಂಡು ಗದ್ದೆಗೆ ಓಡೋದು ತಪ್ಪುತ್ತೆ, ಡ್ರೈ ರನ್ ಪ್ರೊಟೆಕ್ಷನ್ ಇರೋದು ತಗೊಂಡ್ರೆ ಬೋರ್ ಬತ್ತಿದಾಗ ಮೋಟ್ರು ಸುಡಲ್ಲ. ಆದ್ರೆ ನೀವು ಗದ್ದೆ ತುಂಬ ಹಾಯ್ ನೀರೇ ಬಿಡ್ತಿದ್ರೆ ನೀರಿನ ಉಳಿತಾಯ ಅಷ್ಟಕ್ಕಷ್ಟೇ.

ಡ್ರಿಪ್ಪಲ್ಲಿ ನೀರು ನೇರ ಬೇರಿಗೆ ಹೋಗುತ್ತೆ, ಕಳೆ ಕಮ್ಮಿ, ಕರಗೋ ಗೊಬ್ಬರನೂ ಅದ್ರಲ್ಲೇ ಬಿಡಬೋದು, ಕೂಳೆಗೂ (ಕಟಾವಾದ ಬುಡದಿಂದ ಮತ್ತೆ ಚಿಗುರೋ ಕಬ್ಬು) ಅದೇ ಪೈಪು ನಡೆಯುತ್ತೆ. ಸಬ್ಸಿಡಿ ವಿಷ್ಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ವರ್ಷ ವರ್ಷ ಬದಲಾಗುತ್ತೆ. ತಲೆನೋವು ಅಂದ್ರೆ ಉಪ್ಪು ನೀರು: ಪೈಪಿನ ತೂತು ಕಟ್ಕೊಳುತ್ತೆ, ಫಿಲ್ಟರ್ ತೊಳೀತಾನೇ ಇರ್ಬೇಕು. ಇಲಿ ಬೇರೆ ಪೈಪ್ ಕಡಿಯುತ್ತೆ! ಸೋಮಾರಿಗಳಿಗಲ್ಲ ಇದು.

ವಿಶ್ವೇಶ್ವರಯ್ಯ ನಾಲೆ ನೀರೇ ನಂಬ್ಕೊಂಡಿದ್ರೆ ಕತೆನೇ ಬೇರೆ, ನೀರು ಸರದಿ ಮೇಲೆ ಬರೋದ್ರಿಂದ ಡ್ರಿಪ್ಪಿಗೆ ಮೊದ್ಲು ನೀರು ತುಂಬಿಟ್ಕೊಳ್ಳೋಕೆ ಹೊಂಡ ಬೇಕು.

ನನ್ ಕೇಳಿದ್ರೆ, ಬೋರಲ್ಲಿ ನೀರು ಕಮ್ಮಿನಾ, ಡ್ರಿಪ್ಪೇ ಮೊದ್ಲು. ನೀರು ಪರ್ವಾಗಿಲ್ಲ, ಕರೆಂಟ್ ಟೈಮೇ ಕಾಟ ಅಂದ್ರೆ ಸ್ಟಾರ್ಟರ್ ಹಾಕ್ಸಿ.