ಫೈಬರ್ ದೋಣಿ ಒಳಗಿನ ಹಲಗೆ ಕುಂಬಾಗಿತ್ತು, ಮಲ್ಪೆ ಹತ್ರದ ಒಂದು ಶೆಡ್‌ನಲ್ಲಿ ಮಾಡಿಸಿದ ರಿಪೇರಿ ಬಗ್ಗೆ

ನಮ್ದು ಅಪ್ಪ ತಗೊಂಡ ಹಳೇ ಫೈಬರ್ ದೋಣಿ, 24 ಅಡಿದು, ಹಿಂದೆ ಹೊರಗೆ ಕೂರಿಸುವ 25 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಕೋಡಿಬೆಂಗ್ರೆ ಕಡೆ ಹೊಳೆಯಲ್ಲೂ ಅಳಿವೆ ದಾಟಿ ಸ್ವಲ್ಪ ಆಚೆಗೂ ಬಲೆ ಬಿಡ್ಲಿಕ್ಕೆ ಇದೇ. ಹೋದ ವರ್ಷ ರೇಸ್ ಕೊಟ್ಟಾಗೆಲ್ಲ ಇಂಜಿನ್ ಕೂರಿಸುವ ಹಿಂದಿನ ಹಲಗೆ (ಒಳಗೆ ಪ್ಲೈವುಡ್, ಎರಡೂ ಬದಿಗೆ ಫೈಬರ್) ಬಾಗಿದ ಹಾಗೆ ಕಾಣ್ತಿತ್ತು, ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ನಾಲ್ಕು ದಿನಕ್ಕೆ ಮತ್ತೆ ಸಡಿಲ. ಮೊದ್ಲು ತೋರಿಸಿದ ಕಡೆ ಬಿರುಕಿನ ಮೇಲೆ ಎರಡು ಪದರ ಫೈಬರ್ ಮ್ಯಾಟ್ ಹೊಡೆದು ಪೇಂಟ್ ಮಾಡಿ ಕೊಟ್ರು. ನೋಡ್ಲಿಕ್ಕೆ ಹೊಸತು, ಆದ್ರೆ ಒಳಗಿದ್ದ ನೀರು ಒಳಗೇ ಉಳೀತು, ಕುಂಬು ಇನ್ನೂ ಹೆಚ್ಚಾಯ್ತು.

ಈ ಶೆಡ್‌ನವ್ರು ರೇಟ್ ಹೇಳುವ ಮೊದ್ಲೇ ಸಣ್ಣ ಸುತ್ತಿಗೆ ತಗೊಂಡು ಇಡೀ ಹಿಂಭಾಗ ತಟ್ಟಿದ್ರು. ಗಟ್ಟಿ ಇದ್ದಲ್ಲಿ ಟಣ್ ಅಂತದೆ, ಹೋಗಿದ್ದಲ್ಲಿ ದಬ್ ಅಂತದೆ. "ಅಣ್ಣ ನೀವೇ ಕೇಳಿ" ಅಂತ ನನ್ನ ಕೈಗೇ ಸುತ್ತಿಗೆ ಕೊಟ್ರು. ಆಮೇಲೆ ಒಳಬದಿಯಿಂದ ನಾಲ್ಕೈದು ಕಡೆ ಡ್ರಿಲ್ ಹಾಕಿದ್ರು, ಮೇಲ್ಗಡೆ ಒಣ ಹುಡಿ ಬಂತು, ಕೆಳಗೆ ಬರ್ತಾ ಬರ್ತಾ ಕಾಫಿ ಚರಟದ ಹಾಗೆ ಕಪ್ಪಗೆ ಒದ್ದೆ. ನೀರು ಹೋಗ್ಲಿಕ್ಕೆ ಬಿಟ್ಟ ತೂತಿನ ಅಂಚಿಗೆ ಯಾರೂ ರೆಸಿನ್ (ಫೈಬರ್ ಗಟ್ಟಿ ಮಾಡುವ ಅಂಟು ದ್ರವ) ಹಚ್ಚಿರ್ಲಿಲ್ಲ, ಅಲ್ಲಿಂದಲೇ ಪ್ಲೈವುಡ್ ನೀರು ಕುಡಿದದ್ದು. ಅದೂ ಕಡಲ ನೀರಿಗಿಂತ, ದಡಕ್ಕೆ ಎಳೆದು ಇಟ್ಟಾಗ ಒಳಗೆ ನಿಲ್ಲುವ ಮಳೆ ನೀರೇ ಜಾಸ್ತಿ ಕುಂಬು ಹಿಡಿಸುದು, ಇದು ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ.

ಕೆಲ್ಸ ಮಾತ್ರ ಚೊಕ್ಕ ಮಾರಾಯ್ರೆ. ಹೊರಗಿನ ಫೈಬರ್ ಹಾಗೇ ಬಿಟ್ಟು ಒಳಗಿನ ಪದರ ಗ್ರೈಂಡರಲ್ಲಿ ಕತ್ತರಿಸಿ ತೆಗೆದ್ರು, ಕೆಳಗಿನ ಮರ ತೆಗೀಲಿಕ್ಕೆ ಉಳಿಯೂ ಬೇಡ, ಕೈಯಲ್ಲೇ ಕಿತ್ತು ಬರ್ತಿತ್ತು. ಮೇಲಿನ ಭಾಗ ಗಟ್ಟಿ ಉಂಟಲ್ಲ ಅದನ್ನ ಉಳಿಸುವ ಅಂತ ನಾನು ಹೇಳಿದೆ, ಅವ್ರು ಒಪ್ಲಿಲ್ಲ, ಪೂರ್ತಿ ತೆಗೆದ್ರು, ಈಗ ಅನ್ಸ್ತದೆ ಅವ್ರು ಹೇಳಿದ್ದೇ ಸರಿ. ನಂತ್ರ ಫ್ಯಾನ್ ಇಟ್ಟು ಹತ್ತು ದಿನ ಒಣಗ್ಲಿಕ್ಕೆ ಬಿಟ್ರು, ಒದ್ದೆ ಮೇಲೆ ರೆಸಿನ್ ಹಾಕಿದ್ರೆ ಹಿಡಿಯುದಿಲ್ಲ. ಐಎಸ್ 710 ಗುರುತಿನ (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮರೈನ್ ಪ್ಲೈವುಡ್, 12 ಎಂಎಂದು ಮೂರು ಹಲಗೆ ಎಪಾಕ್ಸಿ ಅನ್ನುವ ಗಟ್ಟಿ ರೆಸಿನ್‌ನಲ್ಲಿ ಅಂಟಿಸಿ, ಅಂಚಿಗೆಲ್ಲ ಎಪಾಕ್ಸಿ ಕುಡಿಸಿ, ಅದರ ಮೇಲೆ ಗ್ಲಾಸ್ ಬಟ್ಟೆಯನ್ನೂ ಎಪಾಕ್ಸಿಯಲ್ಲೇ ಕೂರಿಸಿ ದೋಣಿಯ ಎರಡೂ ಬದಿಗೆ ಅಗಲಕ್ಕೆ ಇಳಿಸಿದ್ರು. ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದ್ರೆ ಹಳೇ ಫೈಬರಿಗೂ ಮರಕ್ಕೂ ಎಪಾಕ್ಸಿಯ ಹಾಗೆ ಹಿಡಿಯುದಿಲ್ಲ. ನಂಗೆ ಎಲ್ಲದಕ್ಕಿಂತ ಖುಷಿ ಆದದ್ದು ಬೋಲ್ಟ್ ತೂತಿನ ಕೆಲ್ಸ, ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿಸಿ ಗಟ್ಟಿ ಆದ್ಮೇಲೆ ಅದರ ಮಧ್ಯದಲ್ಲಿ ಬೋಲ್ಟ್ ಸೈಜಿಗೆ ಮತ್ತೆ ಕೊರೆದದ್ದು, ಇನ್ನು ಬೋಲ್ಟ್ ಪಕ್ಕದಿಂದ ನೀರು ಇಳಿದ್ರೂ ಮರಕ್ಕೆ ತಾಗುದಿಲ್ಲ.

ಬೇಜಾರಿನ ವಿಷ್ಯ ಹೇಳ್ಲೇಬೇಕು. ಎರಡು ವಾರ ಅಂದದ್ದು ಐದು ವಾರ ಆಯ್ತು, ಫೋನ್ ಮಾಡಿದ್ರೆ ಎತ್ತುದಿಲ್ಲ, ಅಷ್ಟು ದಿನ ನಾವು ಬೇರೆಯವ್ರ ದೋಣಿಗೆ ಹೋಗ್ಬೇಕಾಯ್ತು. ಹೊರಗಿನ ಬಣ್ಣ ಮ್ಯಾಚ್ ಆಗ್ಲಿಲ್ಲ, ಅದು ಪರ್ವಾಗಿಲ್ಲ. ಆದ್ರೆ ಅಲ್ಲಿನ ಹುಡುಗ್ರು ಮುಖಕ್ಕೆ ಬರೀ ಬೈರಾಸು ಕಟ್ಟಿ ಫೈಬರ್ ಗ್ರೈಂಡ್ ಮಾಡ್ತಾರೆ, ಆ ಧೂಳು ಶ್ವಾಸಕೋಶಕ್ಕೆ ಹೋಗ್ತದೆ, ಒಳ್ಳೆ ಮಾಸ್ಕ್ ಕೊಡಿ ಅಂತ ಎರಡು ಸಲ ಹೇಳಿ ಬಂದಿದ್ದೇನೆ.

ಒಟ್ಟು 34 ಸಾವಿರ ಆಯ್ತು, ಕಿತ್ತ ಮರವನ್ನೂ ತೋರಿಸಿಯೇ ದುಡ್ಡು ತಗೊಂಡ್ರು. ಆಮೇಲೆ ಇಷ್ಟು ದಿನ ಓಡಿಸಿ ಆಯ್ತು, ಬೋಲ್ಟ್ ಒಂದು ಸುತ್ತೂ ಸಡಿಲ ಆಗ್ಲಿಲ್ಲ. ಕೊಡುದಾದ್ರೆ ಮಾರ್ಚ್, ಏಪ್ರಿಲ್‌ನಲ್ಲೇ ಕೊಡಿ, ಜೂನ್ 1ಕ್ಕೆ ಯಾಂತ್ರಿಕ ಬೋಟ್‌ಗಳ ಮಳೆಗಾಲದ ಮೀನುಗಾರಿಕೆ ರಜೆ ಶುರುವಾದ್ರೆ ಶೆಡ್ ತುಂಬ್ತದೆ, ಆ ಮಳೆಯಲ್ಲಿ ಮರ ಒಣಗುದೂ ಇಲ್ಲ.